ಬೂದಿ, ಕಲ್ಲುಮನೆ, ಅಡಿಗುರುತು: ಕೊಪ್ಪಳ ಸೀಮೆಯಲ್ಲಿ ಮಾನವ ವರ್ತನೆಯ ಅಧ್ಯಯನ ನಡೆದುಬಂದ ಬಗೆ

ಮನುಷ್ಯನು ಹೀಗೇಕೆ ನಡೆದುಕೊಳ್ಳುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ಯಾವ ಶಾಸ್ತ್ರದ್ದು? ನಮ್ಮ ವಿಶ್ವವಿದ್ಯಾನಿಲಯಗಳು ಈ ಹೊಣೆಯನ್ನು ಪಾಲು ಮಾಡಿ ಹಂಚಿವೆ. ಕಲ್ಕತ್ತೆಯಲ್ಲಿ ೧೯೧೬ರಲ್ಲಿಯೂ ಮೈಸೂರಿನಲ್ಲಿ ೧೯೨೪ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿಯೂ ಮನಶ್ಶಾಸ್ತ್ರದ ಬೋಧನೆ ಮೊದಲಾಯಿತು. ವ್ಯಕ್ತಿಯ ವರ್ತನೆ ಆ ವಿಭಾಗದ ಪಾಲಿಗೆ ಬಂದಿತು. ಸಮುದಾಯದ ವರ್ತನೆ ಸಮಾಜಶಾಸ್ತ್ರಕ್ಕೆ ಹೋಯಿತು. ಕುಲಾಚಾರಗಳು ಮಾನವಶಾಸ್ತ್ರಕ್ಕೆ ಸೇರಿದುವು. ಗತಿಸಿದವರ ನಡತೆ ಚರಿತ್ರೆಯವರಾದ ನಮ್ಮ ಪಾಲಿಗೆ ಉಳಿಯಿತು. ಬರವಣಿಗೆಯಿಲ್ಲದ ಕಾಲದವರ ನಡತೆಯನ್ನು ಪ್ರಾಕ್ತನಶಾಸ್ತ್ರಜ್ಞರು ವಹಿಸಿಕೊಂಡರು. ಪಾಠದ ವೇಳಾಪಟ್ಟಿಗೆ ಈ ಹಂಚಿಕೆ ಅನುಕೂಲವಾದುದು, ಸಂದೇಹವಿಲ್ಲ. ಆದರೆ ನಡೆ, ನಡತೆ, ನಡವಳಿ ಎಂದು ಒಂದೇ ಧಾತುವಿನಿಂದ ಕಾಲಿನ ಕೆಲಸವನ್ನೂ ಶೀಲವನ್ನೂ ಊರಿನ ಕಟ್ಟಳೆಯನ್ನೂ ಹೇಳುವ ಕನ್ನಡ ಭಾಷೆ ಈ ಪಾಲುಗಾರಿಕೆಯನ್ನು ಒಪ್ಪಿದಂತೆ ತೋರುವುದಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳ ಸೀಮೆಯನ್ನೂ ಅದಕ್ಕೆ ಹೊಂದಿದ ಹೊಳೆಯಾಚೆಯ ಭಾಗವನ್ನೂ ತೆಗೆದುಕೊಂಡು, ಅಲ್ಲಿಯ ಜನರ ಕೃತ್ಯಗಳನ್ನು ಬೇರೆ ಬೇರೆ ಶಾಸ್ತ್ರಗಳು ಒಂದಾದ ಮೇಲೊಂದರಂತೆ ಹೇಗೆ ಓದಿದುವೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ. ಒಂದು ಶಾಸ್ತ್ರವು ತಾನೊಂದೇ ನಿಂತು ಒಂದು ಕೃತ್ಯಕ್ಕೆ ಹೆಸರಿಟ್ಟಾಗಲೆಲ್ಲ ಆ ಹೆಸರು ಹೆಚ್ಚು ಕಾಲ ನಿಲ್ಲಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಆಧಾರಗಳು ಮುಂದೆ ಬರುತ್ತವೆ.

ಮೊದಲು ಸೀಮೆಯ ವಿಷಯ. ತುಂಗಭದ್ರೆಯ ಉತ್ತರದ ದಂಡೆಯ ಈ ನಾಡು ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕೊಪ್ಪಳ, ಯಲಬುರ್ಗಾ ಭಾಗಗಳು ಸಾಲಾರಜಂಗ ಮನೆತನದ ಜಹಗೀರಾಗಿದ್ದುವು. ೧೯೫೬ರಲ್ಲಿ ರಾಯಚೂರು ಜಿಲ್ಲೆಯೊಡನೆ ಇದು ಮೈಸೂರು ರಾಜ್ಯಕ್ಕೆ ಸೇರಿತು. ೧೯೯೭ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ಹೊಳೆಯ ದಕ್ಷಿಣ ದಂಡೆಯಾದರೋ ಮದರಾಸು ಪ್ರಾಂತಕ್ಕೆ ಸೇರಿದ ಬಳ್ಳಾರಿ ಜಿಲ್ಲೆ. ಆದುದರಿಂದ ದಕ್ಷಿಣ ದಂಡೆಯ ಬೂದಿಯನ್ನು ಪರೀಕ್ಷಿಸಿದವರು ಬ್ರಿಟಿಷ್ ಸರಕಾರದ ಭೂಗರ್ಭಶಾಸ್ತ್ರಜ್ಞರು, ಉತ್ತರ ದಂಡೆಯ ಬಂಡೆಗಳ ಮೇಲಿನ ಅಕ್ಷರಗಳನ್ನು ಪ್ರಕಟಿಸಿದವರು ಹೈದರಾಬಾದಿನ ಪ್ರಾಕ್ತನ ಇಲಾಖೆಯವರು. ಹೊಳೆಯನ್ನು ಹರಿಗೋಲಿನಲ್ಲಿ ದಾಟಲು ಅರ್ಧ ಗಳಿಗೆ ಸಾಕು. ಆದರೆ ಒಂದು ದಂಡೆಯ ವಿದ್ವತ್ತು ಮತ್ತೊಂದು ದಂಡೆಗೆ ದಾಟಲು ನೂರು ವರ್ಷ ಹಿಡಿಯಿತು. ಶಾಸ್ತ್ರಗಳ ನಡುವಣ ಎಲ್ಲೆಗಳಲ್ಲಿ ಕೆಲವು ಹೀಗೆ ರಾಜ್ಯಗಳ ಎಲ್ಲೆಗಳೇ ಆಗಿದ್ದುವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಈ ನಾಡಿನ ಪ್ರಾಚೀನರ ನಡತೆಯನ್ನು ಮೊದಲು ಕುತೂಹಲದಿಂದ ವಿಚಾರಿಸಿದವನು ಫಿಲಿಪ್ ಮೆಡೋಸ್ ಟೇಲರ್ (೧೮೦೮-೧೮೭೬). ಅವನು ನಿಜಾಮರ ಸೇವೆಯಲ್ಲಿದ್ದ ಅಧಿಕಾರಿ, ಕಾದಂಬರಿಕಾರ. ಸುರಪುರ ಸಂಸ್ಥಾನದ ಬಾಲರಾಜನ ಪರವಾಗಿ ಹಲವು ವರ್ಷ ಆಡಳಿತ ನಡೆಯಿಸಿದವನು. ಜನರು ಅವನನ್ನು ಮಹಾದೇವ ಬಾಬಾ ಎಂದು ಕರೆಯುತ್ತಿದ್ದರಂತೆ. ಹೊಲಗಳ ನಡುವೆ, ಗುಡ್ಡಗಳ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲುಮನೆಗಳನ್ನು ಅವನು ಕಂಡನು. ಜನರು ಇವಕ್ಕೆ ಮೋರೇರ ಮನೆ ಎನ್ನುತ್ತಿದ್ದರು. ಮೋರೇರು ಗೇಣುದ್ದದ ಕುಳ್ಳರಾದರೂ ಮಹಾಬಲಶಾಲಿಗಳೆಂದು ಅವರ ಹೇಳಿಕೆ. ಟೇಲರನು ಈ ಮಾತನ್ನು ಬರೆದಿಟ್ಟನು. ಕೆಲವು ಸಮಾಧಿಗಳನ್ನು ಅಗೆಯಿಸಿ ಪದರಪದರವಾಗಿ ನಕ್ಷೆ ತೆಗೆದನು. ಆ ಕಾಲದಲ್ಲಿ ಅಷ್ಟು ಶಿಸ್ತಿನಿಂದ ಅಗೆದವರು ಯೂರೋಪಿನಲ್ಲಿಯೂ ವಿರಳ.

ಆದರೆ ಅಗೆದುದನ್ನು ಅರ್ಥಮಾಡುವಾಗ ಅವನಿಗೆ ದೊರೆತ ಹೋಲಿಕೆ ತನ್ನ ದೇಶದ್ದೇ. ಬ್ರಿಟನ್ನಿನಲ್ಲಿಯೂ ಇಂಥ ಕಲ್ಲುಮನೆಗಳಿದ್ದುದರಿಂದ ಇವುಗಳನ್ನು ಕಟ್ಟಿದವರು ಕೆಲ್ಟರಿಗೋ ಸಿಥಿಯನ್ನರಿಗೋ ಬಂಧುಗಳಾಗಿರಬೇಕೆಂದು ಅವನು ತಿಳಿದನು. ಜೇವರ್ಗಿಯ ಕಡೆಯ ಸಮಾಧಿಗಳಲ್ಲಿ ರುಂಡ ಬೇರೆ ಮುಂಡ ಬೇರೆಯಾದ ಅಸ್ಥಿಗಳನ್ನು ಕಂಡು, ಇದು ನರಬಲಿಯೆಂದು ಬಗೆದನು. ನಂತರದ ಉತ್ಖನನಗಳಲ್ಲಿ, ಮುಖ್ಯವಾಗಿ ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ನಡೆಯಿಸಿದ ಉತ್ಖನನದಲ್ಲಿ, ಈ ಸಂಸ್ಕೃತಿಯವರು ಸತ್ತವರ ಎಲುಬುಗಳನ್ನು ಆಯ್ದು ಕೂಡಿಟ್ಟು ಮತ್ತೆ ಹೂಳುತ್ತಿದ್ದುದಕ್ಕೆ ವಿಪುಲವಾದ ಆಧಾರಗಳು ದೊರೆತುವು. ಹಾಗಾದ ಮೇಲೆ ಬಿಡಿಯಾದ ರುಂಡವೊಂದರಿಂದ ಕೊಲೆಯನ್ನು ಊಹಿಸುವಂತಿಲ್ಲ. ಇಂದಿಗೂ ಮೃತರ ಅಸ್ಥಿಯನ್ನು ಸಂಚಯ ಮಾಡುವ ನಾಡಿನಲ್ಲಿ ಈ ಸಾಧ್ಯತೆ ಟೇಲರನಿಗೆ ಹೊಳೆಯದಿದ್ದುದು ವಿಚಿತ್ರವೇ ಸರಿ. ಅಗೆಯುವ ವಿದ್ಯೆ ಅವನಿಗೆ ತಿಳಿದಿತ್ತು. ಮನೆಯಲ್ಲಿ ಸಾವಾದಾಗ ಜನರು ಏನು ಮಾಡುತ್ತಾರೆಂದು ನೋಡುವ ವಿದ್ಯೆ ಆಗಿನ್ನೂ ಹುಟ್ಟಿರಲಿಲ್ಲ.

ಇಲ್ಲಿ ಒಂದು ಪ್ರಾಸಂಗಿಕ ಮಾತು. ಟೇಲರನಿಗೆ ಕೀರ್ತಿ ತಂದುದು ೧೮೩೯ರಲ್ಲಿ ಪ್ರಕಟವಾದ, ಠಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿ. ಅದೇ ದಶಕದಲ್ಲಿ, ಗಲ್ಲಿಗೇರಿಸಿದ ಠಗ್ಗರ ಏಳು ತಲೆಬುರುಡೆಗಳನ್ನು ಮಧ್ಯಭಾರತದಿಂದ ಎಡಿನ್‌ಬರೋ ನಗರಕ್ಕೆ ಕಳುಹಿಸಲಾಗಿತ್ತು. ಬುರುಡೆಯ ಉಬ್ಬುತಗ್ಗುಗಳಿಂದ ಸ್ವಭಾವವನ್ನು ಹೇಳುವ ಶಾಸ್ತ್ರವೊಂದು ಆಗ ಅಲ್ಲಿ ಪ್ರಬಲವಾಗಿತ್ತು; ಅದರ ಪಂಡಿತರು ಆ ಬುರುಡೆಗಳಲ್ಲಿ ಕೊಲೆಗಡುಕತನವನ್ನು ಹುಡುಕಿದರು. ಆ ಶಾಸ್ತ್ರ ಇಂದು ಹೆಸರಿಗೂ ಉಳಿದಿಲ್ಲ. ಟೇಲರನು ಮಾತ್ರ ಠಗ್ಗರನ್ನು ಅವರ ಮಾತಿನ ಮೂಲಕ ಅರಿಯಲೆಳಸಿದನು. ಅವನ ಪುಸ್ತಕದಲ್ಲಿ ಆಳರಸರ ಪೂರ್ವಗ್ರಹಗಳು ಬೇಕಾದಷ್ಟಿವೆ. ಆದರೂ ಜನರು ಅದನ್ನು ಇನ್ನೂ ಓದುತ್ತಾರೆ.

ಈಗ ಬೂದಿಯ ಕಡೆಗೆ ಬರೋಣ. ನಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಗಂಗಾವತಿ ತಾಲೂಕಿನ ಆನೆಗೊಂದಿಯೇ ರಾಮಾಯಣದ ಕಿಷ್ಕಿಂಧೆಯೆಂಬ ನಂಬಿಕೆ ಪ್ರಸಿದ್ಧವಾದುದು. ಆನೆಗೊಂದಿಯಿಂದ ಹೊಳೆ ದಾಟಿದರೆ ನಿಂಬಾಪುರವೆಂಬ ಹಳ್ಳಿಯ ಬಳಿ ಬೂದಿಯ ದಿಬ್ಬವೊಂದಿದೆ. ರಾಮನ ಬಾಣದಿಂದ ಮಡಿದ ವಾಲಿಯನ್ನು ದಹಿಸಿದ ಬೂದಿಯೇ ಇದೆಂದು ಸುತ್ತಿನವರು ಹೇಳುತ್ತ ಬಂದಿದ್ದಾರೆ. ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಅನೇಕ ಇವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ದಿಬ್ಬವನ್ನು ಯಾರಾದರೂ ನೋಡಬಹುದು. ಬೂದಿ ಮೆತ್ತಗಿಲ್ಲ, ಕೆಲವೆಡೆ ಕರಗಿ ಕಿಟ್ಟದಂತೆ ಗಟ್ಟಿಗೊಂಡಿದೆ.

ಇದು ಏನು? ೧೮೩೬ರಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಇದನ್ನು ಜ್ವಾಲಾಮುಖಿಯ ಕಿಟ್ಟವೆಂಬ ತಲೆಬರಹದ ಕೆಳಗೆ ವರ್ಣಿಸಿದನು. ೧೮೪೩ರ ಹೊತ್ತಿಗೆ ಇವು ಪ್ರಾಚೀನರ ದಿಬ್ಬಗಳೆಂದು ಬರೆಯತೊಡಗಿದನು. ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಈ ದಿಬ್ಬಗಳಲ್ಲಿ ನಯಗೊಳಿಸಿದ ಕಲ್ಲುಕೊಡಲಿಗಳನ್ನೂ ಮಡಕೆಯ ಚೂರುಗಳನ್ನೂ ದನದ ಎಲುಬುಗಳನ್ನೂ ಕಂಡು, ಇವು ನವಶಿಲಾಯುಗದ ದನಗಾಹಿಗಳ ಹಟ್ಟಿಗಳೆಂದೂ ಬೂದಿಯು ಸೆಗಣಿಯದೆಂದೂ ಹೇಳಿದನು. ಆದರೆ ವಿಜಯನಗರದ ಚರಿತ್ರೆಯನ್ನು ಬರೆದ ರಾಬರ್ಟ್ ಸೀವೆಲ್ ೧೮೯೯ರಲ್ಲಿ ಬೇರೆಯ ಊಹೆ ಮಾಡಿದನು. ನಿಂಬಾಪುರದ ದಿಬ್ಬ ರಾಜಧಾನಿಯ ಮಗ್ಗುಲಲ್ಲಿದೆ. ವಿದೇಶೀ ಪ್ರವಾಸಿಗಳು ಅಲ್ಲಿಯ ಸಹಗಮನಗಳನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ಆದುದರಿಂದ ಇದು ಸತಿ ಹೋದ ಸ್ತ್ರೀಯರ ಚಿತಾಭಸ್ಮದ ರಾಶಿಯಾಗಿರಬಹುದು ಎಂಬುದು ಅವನ ತರ್ಕ. ನೋಡಿರಿ: ಹಳ್ಳಿಗನು ವಾಲಿಯನ್ನು ಕಂಡನು, ಸೀವೆಲ್ ಸತಿಯರನ್ನು ಕಂಡನು. ಇಬ್ಬರೂ ತಮಗೆ ತಿಳಿದ ಗ್ರಂಥದ ಮೂಲಕ ಬೂದಿಯನ್ನು ಓದಿದರು. ಹಳ್ಳಿಗನದು ಐತಿಹ್ಯವೆನಿಸಿತು, ಸೀವೆಲನದು ಸಂಶೋಧನೆಯೆನಿಸಿತು. ವಿಧಾನದಲ್ಲಿ ಭೇದ ಬಹಳ ಇರಲಿಲ್ಲ.

ವಿವಾದವನ್ನು ಮುಗಿಸಿದ್ದು ಪ್ರಯೋಗಶಾಲೆ. ಲಂಡನ್ನಿನ ಎಫ್. ಇ. ಝೊಯ್ನರ್ ಬೂದಿಯನ್ನು ಪರೀಕ್ಷಿಸಿ, ಇದು ಸುಟ್ಟ ಸೆಗಣಿಯೇ ಎಂದು ೧೯೬೦ರಲ್ಲಿ ನಿರ್ಧರಿಸಿದರು. ಹುಲ್ಲಿನಲ್ಲಿರುವ ಸಿಲಿಕಾಂಶ ಸೆಗಣಿಯಲ್ಲಿ ಉಳಿದು, ಹೆಚ್ಚಿನ ಉರಿಯಲ್ಲಿ ಗಾಜಿನಂತೆ ಕರಗಿದುದರಿಂದ ಆ ಕಿಟ್ಟ ಉಂಟಾಗಿತ್ತು. ಇದಕ್ಕೆ ಮುನ್ನ ೧೯೫೭ರಲ್ಲಿ ಎಫ್. ಆರ್. ಆಲ್ಚಿನ್ ಈಗಿನ ತೆಲಂಗಾಣಕ್ಕೆ ಸೇರಿದ ಉಟ್ನೂರಿನ ದಿಬ್ಬವನ್ನು ಅಗೆದಿದ್ದರು. ಅಲ್ಲಿ ಸುತ್ತಲೂ ಮರದ ಗೂಟಗಳನ್ನು ನೆಟ್ಟ ಬೇಲಿಯ ಕುಳಿಗಳು, ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳು ಸ್ಪಷ್ಟವಾಗಿ ದೊರೆತುವು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಒಂದು ಹಿಂಡು ಆ ನೆಲದ ಮೇಲೆ ನಿಂತಿತ್ತು. ಅದರ ಹೆಜ್ಜೆ ಹಾಗೆಯೇ ಉಳಿದಿದೆ. ಆಲ್ಚಿನ್ನರ ಗ್ರಂಥ ೧೯೬೩ರಲ್ಲಿ ಹೊರಬಂದಿತು. ಅದೇ ವರ್ಷ ಡಿ. ಡಿ. ಕೋಸಂಬಿಯವರು ಭಾರತೀಯ ವಿದ್ಯೆಯಲ್ಲಿ ಸಂಯುಕ್ತ ವಿಧಾನಗಳ ಅವಶ್ಯಕತೆಯನ್ನು ಪ್ರತಿಪಾದಿಸಿದ ಪ್ರಬಂಧವೂ ಪ್ರಕಟವಾಯಿತು. ಗಣಿತಜ್ಞರಾದ ಕೋಸಂಬಿಯವರು ಹೇಳಿದುದನ್ನು ಆಲ್ಚಿನ್ನರು ತಮ್ಮ ಹಾದಿಯಲ್ಲಿ ಆಗಲೇ ಮಾಡಿ ತೋರಿಸಿದ್ದರು.

ಸೆಗಣಿಯೆಂದು ಗೊತ್ತಾದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ನಮ್ಮ ಮಟ್ಟಿಗೆ ಪ್ರಶ್ನೆ ಮೊದಲಾದುದೇ ಇಲ್ಲಿಂದ. ಸೆಗಣಿಯನ್ನು ಅವರು ಸುಟ್ಟರೇಕೆ? ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಒಕ್ಕಲಿಗನಿಗೆ ಗೊಬ್ಬರದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳೆ ತೆಗೆದ ಹೊಲದಲ್ಲಿ ಕುರುಬರ ಹಿಂಡನ್ನು ರಾತ್ರಿ ತಂಗಿಸಿ, ಹಿಕ್ಕೆಯ ಗೊಬ್ಬರಕ್ಕಾಗಿ ಕಾಳನ್ನೋ ಹಣವನ್ನೋ ಕೊಡುವ ರೂಢಿ ಈ ನಾಡಿನದು. ಒಬ್ಬನು ಬೆಲೆ ಕೊಟ್ಟು ಕೊಳ್ಳುವ ವಸ್ತುವನ್ನು ಅದೇ ನೆಲದ ಪ್ರಾಚೀನರು ತಲೆತಲಾಂತರ ಸುಟ್ಟು ಗುಡ್ಡ ಮಾಡಿದರು. ಅವರಿಗೆ ಬೇಸಾಯ ತಿಳಿದಿರಲಿಲ್ಲವೆಂದು ಮೊದಲು ಸಮಾಧಾನ ಹೇಳಬಹುದಾಗಿತ್ತು. ಈಗ ಅದೂ ಸಾಧ್ಯವಿಲ್ಲ. ಸಸ್ಯಾವಶೇಷಗಳನ್ನು ಪರೀಕ್ಷಿಸಿದ ಡೋರಿಯನ್ ಫುಲ್ಲರ್ ಮೊದಲಾದವರು ದಕ್ಷಿಣದ ನವಶಿಲಾಯುಗದವರು ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯಗಳನ್ನು ಬೆಳೆಯುತ್ತಿದ್ದರೆಂದು ತೋರಿಸಿದ್ದಾರೆ. ಹೊಲವಿತ್ತು, ಗೊಬ್ಬರವಿತ್ತು, ಆದರೂ ಸುಟ್ಟರು.

ಆಲ್ಚಿನ್ನರು ಇದಕ್ಕೆ ಕಾರಣವನ್ನು ಹಬ್ಬಗಳಲ್ಲಿ ಹುಡುಕಿದರು. ಋತು ತಿರುಗುವಾಗ ಬೆಂಕಿ ಹಚ್ಚಿ ದನಗಳನ್ನು ಅದರ ಮೇಲೆ ಅಥವಾ ನಡುವೆ ಹಾಯಿಸುವ ಆಚಾರ ದಕ್ಷಿಣದಲ್ಲಿ ಇಂದಿಗೂ ಇದೆ. ಮೈಸೂರು ಕಡೆಯ ಸಂಕ್ರಾಂತಿಯ ಕಿಚ್ಚು ಹಾಯಿಸುವ ಪದ್ಧತಿ ಎಲ್ಲರೂ ಬಲ್ಲದ್ದು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ದೀಪಾವಳಿಯ ಪಾಡ್ಯಕ್ಕೆ ಹಟ್ಟಿ ಹಬ್ಬವೆಂದೇ ಹೆಸರು. ಸೆಗಣಿಯಿಂದ ಹಟ್ಟೆವ್ವನನ್ನು ಮಾಡಿ, ಹೂವೇರಿಸಿ ಪೂಜಿಸುತ್ತಾರೆ. ಸೆಗಣಿ ಇಲ್ಲಿ ಗೊಬ್ಬರವಷ್ಟೇ ಅಲ್ಲ, ದೈವವೂ ಹೌದು. ಈ ಹೋಲಿಕೆ ಮನಸ್ಸನ್ನು ಸೆಳೆಯುತ್ತದೆ. ಆದರೆ ನಡುವೆ ಇರುವ ಕಾಲ ನಾಲ್ಕು ಸಾವಿರ ವರ್ಷ. ಇಂದಿನ ಹಬ್ಬವೊಂದನ್ನು ಅಷ್ಟು ಹಿಂದಕ್ಕೆ ನೇರವಾಗಿ ಒಯ್ಯುವುದು, ಟೇಲರನು ಕೆಲ್ಟರನ್ನು ಇಲ್ಲಿಗೆ ತಂದುದಕ್ಕಿಂತ ಎಷ್ಟರ ಮಟ್ಟಿಗೆ ಸುರಕ್ಷಿತವೆಂಬ ಶಂಕೆ ನಮಗಿದೆ. ಶೋರಾಪುರ ಸೀಮೆಯ ಬೂದಿಹಾಳದಲ್ಲಿ ವರ್ಷಗಟ್ಟಲೆ ಉತ್ಖನನ ನಡೆಯಿಸಿದ ಕೆ. ಪದ್ದಯ್ಯನವರು ದಿಬ್ಬದ ಜೊತೆಗೆ ದೊಡ್ಡಿ, ವಾಸದ ನೆಲೆ, ದನಗಳನ್ನು ಕಡಿದ ಜಾಗ ಇವನ್ನೆಲ್ಲ ಬೇರೆ ಬೇರೆಯಾಗಿ ಗುರುತಿಸಿ, ಬೂದಿಯನ್ನು ದೈನಂದಿನ ಬದುಕಿಗೆ ಹತ್ತಿರ ತಂದರು. ೨೦೦೪ರಲ್ಲಿ ಪೀಟರ್ ಜೊಹಾನ್ಸನ್ ದಿಬ್ಬವನ್ನೇ ಒಂದು ಸ್ಮಾರಕವೆಂದು ನೋಡಬೇಕೆಂದು ವಾದಿಸಿದರು: ಸುಡುವುದರ ಫಲವಾಗಿ ದಿಬ್ಬ ತಾನಾಗಿ ಬೆಳೆಯಿತೆನ್ನುವ ಬದಲು, ದಿಬ್ಬ ಬೆಳೆಯಲೆಂದೇ ಸುಟ್ಟಿರಬಾರದೇಕೆ? ಈ ಮೂರು ಮತಗಳಲ್ಲಿ ಒಂದನ್ನು ಆರಿಸಿ ಉಳಿದೆರಡನ್ನು ತಳ್ಳಿಹಾಕುವ ಅವಸರ ನಮಗಿಲ್ಲ. ಹಟ್ಟಿಯ ಕಸವನ್ನು ಸುಡುವುದು, ದೇವರಿಗೆ ಸುಡುವುದು, ಊರಿನ ಹೆಗ್ಗುರುತನ್ನು ಕಟ್ಟುವುದು, ಇವು ಮೂರು ಬೇರೆ ಕೃತ್ಯಗಳೆಂಬ ಭೇದ ಆ ಜನರಿಗೆ ಇತ್ತೆಂದು ನಂಬಲು ಆಧಾರವೇನು?

ಇಲ್ಲಿ ಕನ್ನಡ ವಿದ್ವಾಂಸರೊಬ್ಬರ ಕೆಲಸವನ್ನು ಸ್ಮರಿಸಬೇಕು. ಶಂ. ಬಾ. ಜೋಶಿಯವರು ೧೯೬೦ರ ತಮ್ಮ ‘ಹಾಲುಮತ ದರ್ಶನ’ದಲ್ಲಿ ಕುರುಬರ ಸಂಸ್ಕೃತಿಯನ್ನು ಶಬ್ದ, ಪುರಾಣಕಥೆ, ದೈವ, ಆಚಾರಗಳನ್ನು ಒಟ್ಟಿಗೆ ಹಿಡಿದು ವಿಚಾರಿಸಿದರು. ಅವರ ವ್ಯುತ್ಪತ್ತಿಗಳೆಲ್ಲವನ್ನೂ ಭಾಷಾಶಾಸ್ತ್ರಜ್ಞರು ಒಪ್ಪಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಹಟ್ಟಿ, ದೊಡ್ಡಿ, ರೊಪ್ಪ, ಮಂದೆ ಎಂಬ ಮಾತುಗಳು ಚರಿತ್ರೆಯ ಸಾಕ್ಷಿಗಳಾಗಬಲ್ಲವೆಂಬ ಅರಿವು ನಮ್ಮಲ್ಲಿ ಮೂಡಿದುದು ಅವರಂಥವರಿಂದ. ಜರ್ಮನಿಯ ಗುಂಥರ್ ಸೋಂಥೈಮರ್ ಧನಗರರ ಬೀರೋಬ, ಮ್ಹಸ್ಕೋಬ, ಖಂಡೋಬ ದೈವಗಳನ್ನು ಕುರಿತು ತಮ್ಮ ಗ್ರಂಥವನ್ನು ಪ್ರಕಟಿಸಿದ್ದು ೧೯೭೬ರಲ್ಲಿ, ಎಂದರೆ ಹದಿನಾರು ವರ್ಷಗಳ ಅನಂತರ.

ಗಂಗಾವತಿಯ ಪಶ್ಚಿಮಕ್ಕಿರುವ ಹಿರೇಬೆಣಕಲ್ಲಿನ ಗುಡ್ಡ ಈಗ ಜಗತ್ತಿನ ಗಮನಕ್ಕೆ ಬಂದಿದೆ. ೨೦೨೧ರಲ್ಲಿ ಅದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ನೂರಾರು ಕಲ್ಲುಮನೆಗಳು ಅಲ್ಲಿ ಸಾಲುಗಟ್ಟಿ ನಿಂತಿವೆ; ಕೆಲವಕ್ಕೆ ಆಳೆತ್ತರಕ್ಕೂ ಮೀರಿದ ಗೋಡೆ, ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿ. ಬಂಡೆಯಾಸರೆಗಳಲ್ಲಿ ಬೇಟೆಯ, ಕುಣಿತದ ಚಿತ್ರಗಳಿವೆ. ಎತ್ತರದ ಬಂಡೆಯೊಂದರ ಮೇಲೆ ನಗಾರಿಯಾಕಾರದ ಮಹಾಶಿಲೆಯೊಂದು ಕುಳಿತಿದೆ. ಬಡಿದರೆ ಅದರ ನಾದ ದೂರದವರೆಗೆ ಕೇಳಿಸುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅ. ಸುಂದರ ಅವರು ಉತ್ತರ ಕರ್ನಾಟಕದ ಈ ಬಗೆಯ ನಿವೇಶನಗಳನ್ನು ಕಾಲ್ನಡೆಯಲ್ಲಿ ತಿರುಗಿ ಅಳೆದು, ವರ್ಗೀಕರಿಸಿ, ೧೯೭೫ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಈ ವಿಷಯದ ಅಡಿಪಾಯ. ಅವರ ಗ್ರಂಥದ ಹೆಸರಿನಲ್ಲಿ ಇವು ಸಮಾಧಿಗಳೇ.

ಸಮಾಧಿಯೆಂಬ ಹೆಸರು ತಪ್ಪಲ್ಲ, ಆದರೆ ಸಾಲದು. ಈ ಶತಮಾನದ ಆರಂಭದಿಂದ ಕಾರ್ಲಾ ಸಿನೊಪೋಲಿ, ಕ್ಯಾಥ್ಲೀನ್ ಮಾರಿಸನ್ ಮುಂತಾದವರು ರಾಜ್ಯದ ಪ್ರಾಕ್ತನ ಇಲಾಖೆಯ ಸಹಕಾರದೊಡನೆ ಗಂಗಾವತಿ ತಾಲೂಕಿನ ಕಡೆಬಾಕೆಲೆಯಲ್ಲಿ ಉತ್ಖನನ ನಡೆಯಿಸಿದರು. ಸಿನೊಪೋಲಿ, ಮಾರಿಸನ್ ಇಬ್ಬರೂ ಮೊದಲು ವಿಜಯನಗರದ ಸುತ್ತಿನ ಹೊಲ, ಕೆರೆ, ದಾರಿಗಳನ್ನು ಅಳೆದವರು. ಹೊಳೆ ದಾಟಿ ಹಿಂದಿನ ಕಾಲಕ್ಕೂ ಬಂದರು. ಅದೇ ಕಾರ್ಯದಲ್ಲಿ ತೊಡಗಿದ್ದ ಆಂಡ್ರೂ ಬಾವರ್ ಹಿರೇಬೆಣಕಲ್ಲನ್ನು ಬೇರೊಂದು ಕಣ್ಣಿನಿಂದ ನೋಡಿದರು. ಚಪ್ಪಡಿ ಎಬ್ಬಿಸಿದ ಬಂಡೆಯ ತಗ್ಗುಗಳಲ್ಲಿ ಮಳೆಯ ನೀರು ನಿಲ್ಲುತ್ತದೆ. ಆ ನೀರನ್ನು ಹಿಡಿದಿಡಲು ಮನುಷ್ಯರು ಶ್ರಮಿಸಿದ ಕುರುಹುಗಳಿವೆ. ಒಣಗುಡ್ಡದ ಮೇಲೆ ನೀರೆಂದರೆ ದನಕ್ಕೆ ನೀರು, ಜನಕ್ಕೆ ನೀರು. ಹೀಗಾದರೆ ಗುಡ್ಡವು ಸತ್ತವರ ಊರು ಮಾತ್ರವಲ್ಲ. ಯಾರ ಹಿಂಡು 어디 ಎನ್ನದೆ, ಯಾರ ಹಿಂಡು ಎಲ್ಲಿ ನೀರು ಕುಡಿಯಬೇಕು, ಯಾರ ಹಿರಿಯರಿಗೆ ಎಷ್ಟು ದೊಡ್ಡ ಕಲ್ಲು ಎಂಬ ಮೇಲುಕೀಳುಗಳು ನೆಲದ ಮೇಲೆ ಬರೆಯಲ್ಪಟ್ಟ ಜಾಗ. ಬಳ್ಳಾರಿಯ ಬಳಿಯ ಕಪ್ಪಗಲ್ಲಿನಲ್ಲಿ ನಿಕೋಲ್ ಬೊಯ್ವಿನ್ ಬಡಿದರೆ ನುಡಿಯುವ ಬಂಡೆಗಳನ್ನು ಕುರಿತು ೨೦೦೪ರಲ್ಲಿ ಬರೆದ ಮೇಲೆ ಹಿರೇಬೆಣಕಲ್ಲಿನ ನಗಾರಿಶಿಲೆಯೂ ಬರಿಯ ಕೌತುಕವಾಗಿ ಉಳಿಯಲಿಲ್ಲ. ಕಣ್ಣಿಗೆ ಕಾಣುವ ಸಾಕ್ಷಿಯಂತೆ ಕಿವಿಗೆ ಕೇಳುವ ಸಾಕ್ಷಿಯನ್ನೂ ವಿಚಾರಿಸಬೇಕಾಯಿತು.

ಮೋರೇರ ಕಥೆಯನ್ನು ಈಗ ಮತ್ತೊಮ್ಮೆ ನೋಡಬಹುದು. ಮೋರೇರೆಂದರೆ ಮೌರ್ಯರೆಂದು ಕೆಲವರು ಸಮೀಕರಿಸಿದ್ದಾರೆ. ಅಶೋಕನ ಶಾಸನಗಳು ಹತ್ತಿರದಲ್ಲಿಯೇ ಇರುವುದರಿಂದ ಈ ಸಮೀಕರಣ ಹಿತವಾಗಿ ತೋರುತ್ತದೆ. ಆದರೆ ಕಲ್ಲುಮನೆಗಳ ಕಾಲ ಮೌರ್ಯರಿಗಿಂತ ಶತಮಾನಗಳಷ್ಟು ಹಿಂದಿನಿಂದ ಮೊದಲಾಗುತ್ತದೆ. ಕಥೆಯಲ್ಲಿ ನಮಗೆ ಬೇಕಾದುದು ಹೆಸರಲ್ಲ. ಈ ಮನೆಗಳು ನಮ್ಮವರವಲ್ಲ, ನಮಗಿಂತ ಮೊದಲಿದ್ದ ಬೇರೆಯವರವು ಎಂಬ ಭಾವನೆ. ಹಾಗೆ ಭಾವಿಸಿದ ಜನ ಅವುಗಳನ್ನು ಹೇಗೆ ನಡೆಸಿಕೊಂಡರೆಂಬುದೂ ವರ್ತನೆಯ ಅಧ್ಯಯನವೇ. ಭಯವಿದ್ದಷ್ಟು ಕಾಲ ಕಲ್ಲು ನಿಂತಿತು. ನಿಧಿಯ ಆಸೆ, ಚಪ್ಪಡಿಯ ಅವಶ್ಯಕತೆ ಮೇಲಾದಾಗ ಕಲ್ಲು ಉರುಳಿತು. ಬೂದಿದಿಬ್ಬಗಳಿಗೂ ಅದೇ ಗತಿ. ಎಷ್ಟೋ ದಿಬ್ಬಗಳನ್ನು ಅಗೆದು ಹೊಲಕ್ಕೆ ಹಾಕಿದ್ದಾರೆ. ಪ್ರಾಚೀನರು ಕೊಡದ ಗೊಬ್ಬರವನ್ನು ಹೊಲ ಕೊನೆಗೂ ವಸೂಲು ಮಾಡಿಕೊಂಡಿತೆನ್ನಬೇಕು.

ಕೊಪ್ಪಳದ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇವೆ, ಏಕೆಂದರೆ ಅಲ್ಲಿ ಕೃತ್ಯದ ಜೊತೆಗೆ ಮಾತೂ ಉಳಿದಿದೆ. ೧೯೩೧ರಲ್ಲಿ ಕೊಪ್ಪಳದ ಎನ್. ಬಿ. ಶಾಸ್ತ್ರಿಗಳು ಗವಿಮಠದ ಬಳಿಯ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಮರುವರ್ಷವೇ ಭಾಷಾಶಾಸ್ತ್ರಜ್ಞರಾದ ಆರ್. ಎಲ್. ಟರ್ನರ್ ಅವುಗಳನ್ನು ಹೈದರಾಬಾದಿನ ಪ್ರಾಕ್ತನ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಗವಿಮಠದ ಪಾಠ ಬಹುಮಟ್ಟಿಗೆ ಅಖಂಡ, ಪಾಲ್ಕಿಗುಂಡಿನದು ಸವೆದಿದೆ. ಅದರಲ್ಲಿ ಅರಸನು ತನ್ನ ನಡತೆಯ ಲೆಕ್ಕವನ್ನು ತಾನೇ ಒಪ್ಪಿಸುತ್ತಾನೆ: ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಮೊದಲು ಹೆಚ್ಚು ಶ್ರಮಿಸಲಿಲ್ಲ, ಸಂಘವನ್ನು ಸೇರಿದ ಒಂದು ವರ್ಷದಿಂದ ಚೆನ್ನಾಗಿ ಶ್ರಮಿಸಿದೆ, ಶ್ರಮಿಸಿದರೆ ಸಣ್ಣವನಿಗೂ ಸ್ವರ್ಗ ಸಾಧ್ಯ ಎಂಬುದು ಅದರ ತಾತ್ಪರ್ಯ. ಮನುಷ್ಯನ ನಡತೆ ಬದಲಾಗಬಲ್ಲದು ಎಂಬುದಕ್ಕೆ ಈ ಸೀಮೆಯಲ್ಲಿ ದೊರೆತ ಮೊದಲನೆಯ ಲಿಖಿತ ಹೇಳಿಕೆ ಇದು. ಪ್ರಾಕೃತವನ್ನು ಅರಿಯದ ಜನರ ನಡುವೆ ಅದನ್ನು ಯಾರು ಓದಿ ಹೇಳುತ್ತಿದ್ದರು, ಕೇಳಿದವರು ಏನು ಮಾಡಿದರು ಎಂಬುದು ಬಂಡೆಯಲ್ಲಿ ಇಲ್ಲ. ಭಾಷಾಶಾಸ್ತ್ರ ಪಾಠವನ್ನು ಕೊಟ್ಟಿದೆ, ಶ್ರೋತೃವನ್ನು ಕೊಡಲಾರದು.

ಅದೇ ಪಾಲ್ಕಿಗುಂಡಿನ ಮೇಲೆ ಎರಡು ಪಾದಗಳನ್ನು ಕೆತ್ತಲಾಗಿದೆ. ಕೆಳಗಿನ ಚಿಕ್ಕ ಕನ್ನಡ ಶಾಸನ, ಇವು ಜಟಾಸಿಂಗನಂದಿ ಆಚಾರ್ಯರ ಪಾದಗಳೆಂದೂ ಮಾಡಿಸಿದವನು ಚಾವಯ್ಯನೆಂದೂ ಹೇಳುತ್ತದೆ. ಕೊಪಣವು ಜೈನರ ಮಹಾತೀರ್ಥವಾಗಿತ್ತು; ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನಾಡಿನ ಎಲ್ಲೆ ಹೇಳುವಾಗ ಬರುವ ನಗರಗಳಲ್ಲಿ ಅದೂ ಒಂದು. ಸಿ. ಆರ್. ಕೃಷ್ಣಮಾಚಾರ್ಲು ಅವರು ೧೯೩೫ರಲ್ಲಿ ಕೊಪ್ಪಳದ ಕನ್ನಡ ಶಾಸನಗಳನ್ನು ಪ್ರಕಟಿಸಿದಾಗ ಈ ತೀರ್ಥದ ಸ್ವರೂಪ ಸ್ಪಷ್ಟವಾಯಿತು. ವ್ರತ ಹಿಡಿದು, ಆಹಾರವನ್ನು ಕ್ರಮವಾಗಿ ತ್ಯಜಿಸಿ, ದೇಹವನ್ನು ಬಿಟ್ಟವರ ನಿಸಿದಿಗಳು ಇಂಥ ತೀರ್ಥಗಳ ವೈಶಿಷ್ಟ್ಯ.

ಈ ಕೃತ್ಯಕ್ಕೆ ಏನೆನ್ನಬೇಕು? ದಂಡಸಂಹಿತೆಯೊಂದನ್ನೇ ಹಿಡಿದವನು ಆತ್ಮಹತ್ಯೆ ಎನ್ನುವನು. ಫ್ರೆಂಚ್ ಸಮಾಜಶಾಸ್ತ್ರಜ್ಞ ದುರ್ಖೈಮನು ೧೮೯೭ರಲ್ಲಿ ಆತ್ಮಹತ್ಯೆಗಳನ್ನು ವರ್ಗೀಕರಿಸಿದಾಗ, ಸಮುದಾಯದ ಆದರ್ಶಕ್ಕಾಗಿ ಪ್ರಾಣ ಬಿಡುವುದನ್ನೂ ಒಂದು ವರ್ಗವಾಗಿ ಸೇರಿಸಿದನು. ೨೦೧೫ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಿತು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿತು. ಆದುದರಿಂದ ಇದು ಹಳೆಯ ಕಲ್ಲಿನ ಪ್ರಶ್ನೆ ಮಾತ್ರವಲ್ಲ. ಇನ್ನು ಶಾಸನಗಳ ಭಾಷೆಯನ್ನು ನೋಡಿದರೆ, ನೋಂತು, ಸನ್ಯಸನ, ಸಮಾಧಿ, ಮುಡಿಪು ಎಂಬ ಮಾತುಗಳಿವೆ. ಕೊಲೆಯ ಅರ್ಥ ಕೊಡುವ ಶಬ್ದ ಅಲ್ಲಿ ಸುಳಿಯುವುದಿಲ್ಲ. ಮಾಡಿದವರು ಕೊಟ್ಟುಕೊಂಡ ಹೆಸರೇ ಪ್ರಮಾಣವೆಂದು ನಾವು ಹೇಳುವುದಿಲ್ಲ. ಸಹಗಮನಕ್ಕೂ ಸುಂದರವಾದ ಹೆಸರುಗಳಿದ್ದುವು. ಆದರೆ ಆ ಹೆಸರನ್ನು ಕೇಳದೆಯೇ ತೀರ್ಪು ಕೊಡುವುದೂ ಸಲ್ಲದು. ಎಂ. ಚಿದಾನಂದಮೂರ್ತಿಯವರು ೧೯೬೬ರಲ್ಲಿ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ಪ್ರಕಟಿಸಿ, ಶಾಸನಗಳಿಂದ ರಾಜವಂಶಗಳ ತೇದಿಗಳನ್ನು ಮಾತ್ರ ಹೆಕ್ಕುತ್ತಿದ್ದ ಅಭ್ಯಾಸವನ್ನು ಬದಲಿಸಿದರು. ಧಾರವಾಡದಲ್ಲಿ ಚರಿತ್ರೆಯನ್ನು ಬೋಧಿಸಿದ ಷ. ಶೆಟ್ಟರ್ ಅವರು ಸಲ್ಲೇಖನವನ್ನೇ ಕುರಿತು ೧೯೮೯, ೧೯೯೦ರಲ್ಲಿ ಎರಡು ಗ್ರಂಥಗಳನ್ನು ರಚಿಸಿದರು. ಅವರ ಮುಖ್ಯ ಕ್ಷೇತ್ರ ಶ್ರವಣಬೆಳಗೊಳ. ಆದರೆ ಶಾಸನ, ಶಿಲ್ಪ, ಆಗಮಗ್ರಂಥ ಮೂರನ್ನೂ ಒಂದೇ ಸಾವಿನ ಸುತ್ತ ನಿಲ್ಲಿಸಿ ಪ್ರಶ್ನಿಸಿದ ಅವರ ಕ್ರಮ ಕೊಪಣಕ್ಕೂ ಅನ್ವಯಿಸುತ್ತದೆ.

ಪಾದಗಳ ಕಥೆಯಲ್ಲಿ ಇನ್ನೊಬ್ಬರ ಪಾತ್ರವಿದೆ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿದ್ದ ಆ. ನೇ. ಉಪಾಧ್ಯೆಯವರು ೧೯೩೮ರಲ್ಲಿ ‘ವರಾಂಗಚರಿತ’ವೆಂಬ ಸಂಸ್ಕೃತ ಕಾವ್ಯವನ್ನು ಸಂಪಾದಿಸಿದರು. ಅದರ ಕರ್ತೃ ಯಾರೆಂಬುದನ್ನು ನಿರ್ಣಯಿಸಲು ಅವರು ತಾಳೆಯೋಲೆಗಳಿಂದ ಸಂಸ್ಕೃತ ಪುರಾಣಗಳಿಗೆ, ಅಲ್ಲಿಂದ ಪಂಪ, ನಯಸೇನ, ಜನ್ನ ಮೊದಲಾದ ಕನ್ನಡ ಕವಿಗಳ ಸ್ತುತಿಗಳಿಗೆ, ಅಲ್ಲಿಂದ ಕೊಪ್ಪಳದ ಈ ಬಂಡೆಗೆ ಬಂದರು. ಕಾವ್ಯ ಬರೆದ ಜಟಾಸಿಂಹನಂದಿಯೂ ಬಂಡೆಯ ಮೇಲಿನ ಆಚಾರ್ಯನೂ ಒಬ್ಬನೇ ಇರಬೇಕೆಂದೂ, ಅವನು ಕೊಪಣದಲ್ಲಿಯೇ ದೇಹವಿಟ್ಟಿರಬಹುದೆಂದೂ ಅವರ ಊಹೆ. ಮೊದಲನೆಯದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಎರಡನೆಯದಕ್ಕೆ ಶಾಸನದಲ್ಲಿ ನೇರವಾದ ಮಾತಿಲ್ಲ. ಚಾವಯ್ಯನು ಪಾದಗಳನ್ನು ಮಾಡಿಸಿದನೆಂದಷ್ಟೇ ಅಲ್ಲಿದೆ. ಆಚಾರ್ಯರು ಅಲ್ಲಿ ಹೇಗೆ ಮಡಿದರು, ಮಡಿದರೋ ಇಲ್ಲವೋ, ಕೆತ್ತಿಸಿದ ಗೃಹಸ್ಥನಿಗೂ ಅವರಿಗೂ ನಡುವೆ ಎಷ್ಟು ತಲೆಮಾರುಗಳಾಗಿದ್ದುವು ಎಂಬುದನ್ನು ಆ ಚಿಕ್ಕ ಶಾಸನ ಹೇಳುವುದಿಲ್ಲ.